ಐನೂರು ರೂಪಾಯಿ ಕಡಿಮೆ ಬಿದ್ದ ಸಂಜೆ

(ಮಾಟುಂಗದಲ್ಲಿ ನಮ್ಮ ಕನ್ನಡ ಬಳಗದವರು ನಡೆಸುವ ತಿಂಗಳ ಮಾತುಕತೆಯಲ್ಲಿ ಆಡಿದ್ದು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಮಧ್ಯೆ ಮೈಕು ಕೈಕೊಟ್ಟಾಗ ಹೇಳಿದ್ದು ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವಂತೆ, ಅದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿಗಳು ಫೋನ್ ಮಾಡಿ, "ದೇವರು ಇದ್ದಾನೆಯೇ ಅನ್ನುವ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿ" ಅಂದರು. ಮುಕ್ಕಾಲು ಗಂಟೆ ಯಾಕೆ, ಇದ್ದಾನೆ ಅನ್ನುವವರಿಗೆ ಒಂದು ನಿಮಿಷ ಸಾಕು, ಇಲ್ಲ ಅನ್ನುವವರಿಗೆ ಅರ್ಧ ನಿಮಿಷ ಸಾಕು ಅಂದೆ. "ಹಾಗಲ್ಲ ಸಾರ್, ಆಮೇಲೆ ಶೀರಾ, ಕಾಫಿ ಇದೆ. ಅದು ಬರುವ ತನಕ ಜನ ಕೂತಿರಬೇಕಲ್ವಾ" ಅಂದರು. ಹಾಗಾಗಿ ಬಂದಿದ್ದೇನೆ.

ನಾನು ಪಂಡಿತನಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ದುಡ್ಡು ಎಣಿಸಿ ನಿವೃತ್ತನಾದವನು. ನಿಮ್ಮಲ್ಲಿ ಕೆಲವರು ನನ್ನನ್ನು ಶನಿಗ್ರಂಥ ಪಾರಾಯಣದಲ್ಲಿ ಅರ್ಥ ಹೇಳುವವನಾಗಿ ನೋಡಿದ್ದೀರಿ. ಈಗಲೂ ಹೇಳುತ್ತೇನೆ. ಅಂಥವನು ಇಲ್ಲಿ ಬಂದು ದೇವರಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ ಅಂದರೆ ನಗು ಬರುತ್ತದೆ. ನಗಿ, ಪರವಾಗಿಲ್ಲ.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ.

1995ರ ಸೆಪ್ಟೆಂಬರ್ 21, ಗುರುವಾರ. ಇಲ್ಲಿ ಕೂತಿರುವ ತಲೆ ನರೆತವರಿಗೆಲ್ಲ ನೆನಪಿರುತ್ತದೆ, ಗಣಪತಿ ಹಾಲು ಕುಡಿದ ದಿನ. ಬೆಳಗ್ಗೆ ದಿಲ್ಲಿಯಲ್ಲಿ ಹುಟ್ಟಿದ ಸುದ್ದಿ ನೋಡನೋಡುತ್ತ ಮುಂಬಯಿಗೆ ಬಂದಿತ್ತು. ಆಗ ನಮ್ಮಂಥವರ ಕೈಯಲ್ಲಿ ಮೊಬೈಲ್ ಇಲ್ಲ, ವಾಟ್ಸಾಪ್ ಇಲ್ಲ, ಇದ್ದದ್ದು ಎಸ್‌ಟಿಡಿ ಬೂತು ಮತ್ತು ಬಾಯಿ. ನಾನು ಊಟದ ಹೊತ್ತಿಗೆ ನಮ್ಮ ಊರಿನವರೊಬ್ಬರ ಹೋಟೆಲಿಗೆ ಹೋದರೆ ಊಟಕ್ಕಿಂತ ಜಾಸ್ತಿ ಕ್ಯೂ ಗಲ್ಲಾದ ಹತ್ತಿರ. ಗಲ್ಲಾದ ಮೇಲೆ ಅಮೃತಶಿಲೆಯ ಪುಟ್ಟ ಗಣಪತಿ. ಎಲ್ಲರ ಕೈಯಲ್ಲೂ ಚಮಚ. ನಾನೂ ಹಿಡಿದೆ. ಸೊಂಡಿಲಿಗೆ ತಾಗಿಸಿದ ಕೂಡಲೇ ಚಮಚದ ಹಾಲು ಮೆಲ್ಲಗೆ ಇಳಿಯಿತು. ಮೈ ಜುಂ ಅಂದಿತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ "ಕಾಫಿಗೆ ಹಾಲಿಲ್ಲ" ಅಂತ ಕೂಗು ಬಂತು. ಧಣಿಗಳಿಗೆ ಏನು ಮಾಡುವುದು ತಿಳಿಯಲಿಲ್ಲ, ಗಣಪತಿಗೆ ಸಾಕು ಅನ್ನುವ ಹಾಗಿಲ್ಲ, ಗಿರಾಕಿಗೆ ಇಲ್ಲ ಅನ್ನುವ ಹಾಗೂ ಇಲ್ಲ.

ಅವತ್ತು ಅಲ್ಲಿದ್ದವರಲ್ಲಿ ನಿಜ ಕಂಡವನು ಒಬ್ಬನೇ, ಟೇಬಲ್ ಒರೆಸುವ ಹುಡುಗ. ಕುಂದಾಪುರದ ಕಡೆಯವನು, ಹದಿನಾರೋ ಹದಿನೇಳೋ. "ಕುಡಿದದ್ದಾದರೆ ಕೆಳಗೆ ನಾನು ಒರೆಸುತ್ತಿರುವುದು ಏನು ಮಾರಾಯ್ರೇ?" ಅಂದ. ಕೈಯಲ್ಲಿದ್ದ ಬಟ್ಟೆ ಹಿಂಡಿದರೆ ಅರ್ಧ ಲೋಟ ಹಾಲು. ಆಮೇಲೆ ಸರಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ಅದನ್ನೇ ತೋರಿಸಿದರು. ಮೇಲ್ಮೈ ಎಳೆತದಿಂದ ಹಾಲು ಚಮಚ ಬಿಟ್ಟು ಮೂರ್ತಿಗೆ ಅಂಟಿಕೊಳ್ಳುತ್ತದೆ, ಆಮೇಲೆ ತೆಳ್ಳಗೆ ಮೈಮೇಲೆಯೇ ಹರಿದು ಇಳಿಯುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಹರಿದರೆ ಯಾರಿಗೆ ಕಾಣಬೇಕು? ಕಂಡದ್ದು ಒರೆಸುವವನಿಗೆ ಮಾತ್ರ.

ಇದು ಹಿಂದೂಗಳದ್ದು ಮಾತ್ರ ಅಂದುಕೊಳ್ಳಬೇಡಿ. 2012ರಲ್ಲಿ ಇಲ್ಲೇ ಇರ್ಲಾದ ವೇಲಾಂಕಣಿ ಮಾತೆಯ ಇಗರ್ಜಿಯಲ್ಲಿ ಯೇಸುವಿನ ಕಾಲಿನಿಂದ ನೀರು ತೊಟ್ಟಿಕ್ಕಿತು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಇದು ಕಟ್ಟಿಕೊಂಡ ಚರಂಡಿಯ ನೀರು ಗೋಡೆಯೊಳಗೆ ಏರಿ ಬಂದದ್ದು ಅಂದರು. ಚರಂಡಿ ರಿಪೇರಿಯ ಮಾತು ಬರಬೇಕಿತ್ತು, ಬಂದದ್ದು ಧಾರ್ಮಿಕ ಭಾವನೆಗೆ ಧಕ್ಕೆ ಅಂತ ದೂರು. ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋಗಬೇಕಾಯಿತು.

ಇನ್ನೊಂದು, ಮಾಹಿಮ್ ಸಿಹಿನೀರು. 2006ರ ಆಗಸ್ಟ್ 18ರ ರಾತ್ರಿ ಮಾಹಿಮ್ ಖಾಡಿಯ ಸಮುದ್ರದ ನೀರು ಸಿಹಿಯಾಗಿದೆ ಅಂತ ಸುದ್ದಿ ಹಬ್ಬಿತು. ಜನವೋ ಜನ. ಅಲ್ಲಿಯ ದರ್ಗಾದ ಸಂತ ಮಖ್ದೂಮ್ ಬಾಬಾನ ದಯೆ ಅಂದರು. ಬಾಟಲಿಯಲ್ಲಿ ತುಂಬಿಕೊಂಡರು, ಮಕ್ಕಳಿಗೆ ಕುಡಿಸಿದರು. ಮೀಠಿ ನದಿ ಬಂದು ಸೇರುವ ಜಾಗ ಅದು. ಹೆಸರಿಗೆ ಮೀಠಿ, ಇಡೀ ಊರಿನ ಹೊಲಸೆಲ್ಲ ಅದರಲ್ಲೇ ಬರುವುದು. ಮಳೆಗಾಲದಲ್ಲಿ ನದಿಯ ನೀರು ಜೋರಾಗಿ ಬಂದರೆ, ಉಪ್ಪುನೀರಿಗಿಂತ ಹಗುರ ಅಲ್ವಾ, ಅದು ಮೇಲೆ ತೇಲುತ್ತದೆ. ಕುಡಿಯಬೇಡಿ ಅಂತ ಸರಕಾರದವರು ಬಾಯಿ ಬಡಕೊಂಡರು. ಕೇಳುವವರು ಯಾರು.

ಆಗ ನಾನೂ ನಕ್ಕಿದ್ದೆ. ಆದರೆ ಪೂರ್ತಿ ನಗಲಿಕ್ಕೆ ಆಗಲಿಲ್ಲ. ಯಾಕೆಂದರೆ ಅದೇ ಮಾಹಿಮಿನಲ್ಲಿ ಸರಿಯಾಗಿ 38 ದಿನ ಮೊದಲು ಏನಾಗಿತ್ತು ಅಂತ ನನಗೆ ಗೊತ್ತಿತ್ತು. ಅಂಥ ಜುಲೈ ಆದಮೇಲೆ ಜನರಿಗೆ ಏನಾದರೂ ಒಂದು ಸಿಹಿ ಬೇಕಿತ್ತೋ ಏನೋ. ಇದು ನನ್ನ ಊಹೆ, ಅಷ್ಟೇ.

ಈಗ ಕಷ್ಟದ್ದಕ್ಕೆ ಬರುತ್ತೇನೆ.

2006ರ ಜುಲೈ 11, ಮಂಗಳವಾರ. ಆಗ ನಾನು ಫೋರ್ಟಿನ ಒಂದು ಬ್ರಾಂಚಿನಲ್ಲಿ ಆಫೀಸರ್. ಮನೆ ಬೋರಿವಲಿ. ಚರ್ಚ್‌ಗೇಟಿನಿಂದ ದಿನಾ ಒಂದೇ ಟ್ರೇನು, ಒಂದೇ ಫಸ್ಟ್ ಕ್ಲಾಸ್ ಡಬ್ಬಾ, ಒಂದೇ ಗ್ರೂಪು. ಮುಂಬಯಿಯ ಟ್ರೇನ್ ಗ್ರೂಪು ಅಂದರೆ ಏನು ಅಂತ ಊರಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಮನೆ ಎಲ್ಲಿ ಅಂತ ಸರಿಯಾಗಿ ಗೊತ್ತಿರುವುದಿಲ್ಲ, ಆದರೆ ಅವನ ಮಗನ ಹತ್ತನೇ ಕ್ಲಾಸಿನ ಮಾರ್ಕು ಗೊತ್ತಿರುತ್ತದೆ. ದಸರಾ ಬಂತು ಅಂದರೆ ಡಬ್ಬಾಕ್ಕೆ ಹೂವಿನ ಮಾಲೆ ಕಟ್ಟಿ, ಆರತಿ ಎತ್ತಿ, ಪೇಢೆ ಹಂಚುತ್ತೇವೆ. ದಿನಾ ಹೊತ್ತುಕೊಂಡು ಹೋಗುವ ಕಬ್ಬಿಣಕ್ಕೆ ಒಂದು ದಿನ ಕೈ ಮುಗಿಯುವುದು ನನಗೆ ಇವತ್ತಿಗೂ ಇಷ್ಟ.

ನಮ್ಮ ಗ್ರೂಪಿನಲ್ಲಿ ಒಬ್ಬರು ಮರಾಠಿಯವರು, ವಿಮೆಯ ಕಚೇರಿಯಲ್ಲಿ ಕೆಲಸ. ಹೆಸರು ಬೇಡ. ಮಂಗಳವಾರ ಅಂದರೆ ಅವರಿಗೆ ಸಿದ್ಧಿವಿನಾಯಕ. ನಸುಕಿಗೇ ಎದ್ದು ಪ್ರಭಾದೇವಿಗೆ ಹೋಗಿ, ಕ್ಯೂ ನಿಂತು, ಅಲ್ಲಿಂದ ಆಫೀಸು. ಸಂಜೆ ಟ್ರೇನಿನಲ್ಲಿ ಎಲ್ಲರ ಕೈಗೂ ಒಂದೊಂದು ಚೂರು ಲಾಡು. ಮಳೆ ಬರಲಿ, ಮುಷ್ಕರ ಇರಲಿ, ಒಂದು ಮಂಗಳವಾರವೂ ತಪ್ಪಿದ್ದಿಲ್ಲ. ನಾನಾದರೋ ಪ್ರಸಾದಕ್ಕೆ ಮಾತ್ರ ಭಕ್ತ.

ಅವತ್ತು ನಮ್ಮ ಬ್ರಾಂಚಿನಲ್ಲಿ ಕ್ಯಾಶ್ ಟ್ಯಾಲಿ ಆಗಲಿಲ್ಲ. ಹೊಸದಾಗಿ ಬಂದಿದ್ದ ಕ್ಯಾಶಿಯರ್ ಹುಡುಗಿ, ಐನೂರು ರೂಪಾಯಿ ಕಡಿಮೆ ಬರುತ್ತಿದೆ, ಅಳುವುದೊಂದೇ ಬಾಕಿ. ಸೇಫಿನ ಒಂದು ಬೀಗದ ಕೈ ನನ್ನ ಹತ್ತಿರ. ಹಾಗೇ ಎದ್ದು ಹೋಗುವ ಹಾಗಿಲ್ಲ. ಎಣಿಸಿದೆವು, ಮತ್ತೆ ಎಣಿಸಿದೆವು. ನಮ್ಮ ಟ್ರೇನಿನ ಹೊತ್ತು ದಾಟಿತು. ನಾನು ಆ ಹುಡುಗಿಗೆ ಸ್ವಲ್ಪ ಗದರಿಯೂ ಬಿಟ್ಟೆ. ಆಮೇಲೆ ಫೋನುಗಳು ಬರತೊಡಗಿದವು.

6 ಗಂಟೆ 24 ನಿಮಿಷದಿಂದ 6 ಗಂಟೆ 35ರ ಒಳಗೆ ಏಳು ಬಾಂಬು. ಎಲ್ಲ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ, ಎಲ್ಲ ಫಸ್ಟ್ ಕ್ಲಾಸ್ ಡಬ್ಬಾಗಳಲ್ಲಿ. ಮಾಟುಂಗ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೋರಿವಲಿ, ಮೀರಾ ರೋಡ್. 180ಕ್ಕೂ ಹೆಚ್ಚು ಜನ ಸತ್ತರು. ಮಾಹಿಮಿನದ್ದು ನಮ್ಮ ಟ್ರೇನು, ನಮ್ಮ ಡಬ್ಬಾ. ಲಾಡು ಹಂಚುವವರು ಅದರಲ್ಲಿದ್ದರು.

ನಾನು ಮನೆ ಮುಟ್ಟುವಾಗ ರಾತ್ರಿ ಒಂದೂವರೆ. ಸ್ವಲ್ಪ ಬಸ್ಸು, ಸ್ವಲ್ಪ ಯಾರದೋ ಕಾರು, ಉಳಿದದ್ದು ನಡಿಗೆ. ದಾರಿಯುದ್ದಕ್ಕೂ ಜನ ನೀರು, ಬಿಸ್ಕೆಟು ಹಿಡಿದುಕೊಂಡು ನಿಂತಿದ್ದರು. ಹಳಿಯ ಪಕ್ಕದ ಜೋಪಡಿಯವರು ಮನೆಯ ಚಾದರ ತಂದು, ಅದರಲ್ಲೇ ಗಾಯಾಳುಗಳನ್ನು ಎತ್ತಿಕೊಂಡು ಹೋದರಂತೆ. ಆ ಚಾದರಗಳು ಮತ್ತೆ ಹೊದೆಯಲಿಕ್ಕೆ ಬಂದಿರಲಾರವು. ಅವರ ಹತ್ತಿರ ಇದ್ದದ್ದೇ ಒಂದೋ ಎರಡೋ.

ಮನೆಯಲ್ಲಿ ಹೆಂಡತಿ ದೇವರ ಮುಂದೆ ಕೂತಿದ್ದಳು. ನಾನು ಜೀವಂತ ಬಂದರೆ ಶನಿಪೂಜೆ ಮಾಡಿಸುತ್ತೇನೆ ಅಂತ ಹರಕೆ ಹೊತ್ತಿದ್ದಳು. ಊರಿಗೆ ಫೋನ್ ಮಾಡಿದರೆ ಅಮ್ಮ ತುಳುವಿನಲ್ಲಿ, ನಮ್ಮ ದೈವವೇ ನಿನ್ನ ಕಾಲು ಕಟ್ಟಿಹಾಕಿತು ಮಗಾ ಅಂದರು. ಬೆಳಗ್ಗೆ ಪಕ್ಕದ ಮನೆಯವರು ಬಂದು ಸಾಯಿಬಾಬಾ ಅಂದರು. ಒಬ್ಬ ನಾನು, ನನ್ನನ್ನು ಉಳಿಸಿದವರು ಮೂರು ನಾಲ್ಕು ಮಂದಿ. ಮತ್ತೆ ನಾನು? ನಾನೂ ಸಿಕ್ಕಿದವರಿಗೆಲ್ಲ ಹೇಳುತ್ತಾ ತಿರುಗಿದೆ: "ದೇವರು ಕಾಪಾಡಿದ." ಹೇಳಿದಾಗೆಲ್ಲ ಕಣ್ಣಲ್ಲಿ ನೀರು. ಅದು ನಾಟಕ ಅಲ್ಲ.

ಹನ್ನೆರಡು ದಿನ ಹಾಗೇ ಹೋಯಿತು. ಹದಿಮೂರನೇ ದಿನ, ಮರಾಠಿಯವರು ತೇರಾವಾ ಅನ್ನುತ್ತಾರಲ್ಲ, ಅವತ್ತು ನಾವು ಗ್ರೂಪಿನ ಉಳಿದವರು ಅವರ ಮನೆಗೆ ಹೋದೆವು. ಗೋಡೆಯಲ್ಲಿ ಅವರ ಫೋಟೋ, ಅದರ ಪಕ್ಕದಲ್ಲೇ ಸಿದ್ಧಿವಿನಾಯಕನ ಫೋಟೋ. ಎರಡಕ್ಕೂ ಹೂವು. ನನ್ನನ್ನು ಯಾರೋ ಕೇಳಿದರು, "ನೀವೂ ಅದೇ ಟ್ರೇನಿನಲ್ಲಿ ಹೋಗುವವರಲ್ಲವೇ, ಹೇಗೆ ಪಾರಾದಿರಿ?" ನಾನು ಬಾಯಿ ತೆರೆದೆ. ಹನ್ನೆರಡು ದಿನ ಹೇಳಿ ಹೇಳಿ ರೂಢಿಯಾಗಿದ್ದ ಮಾತು ನಾಲಗೆಯ ತುದಿಯಲ್ಲಿತ್ತು. ಎದುರಿಗೆ ತೀರಿಕೊಂಡವರ ಹೆಂಡತಿ, ನಮಗೆಲ್ಲ ವಹಿನಿ, ಚಾದ ಟ್ರೇ ಹಿಡಿದುಕೊಂಡು ನಿಂತಿದ್ದರು.

ಮಾತು ಹೊರಗೆ ಬರಲಿಲ್ಲ. ಆಫೀಸಿನಲ್ಲಿ ಲೇಟಾಯಿತು ಅಂದೆ.

ದೇವರಿಲ್ಲ ಅಂತ ಅವತ್ತು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದು ಇಷ್ಟು: ನಾನು ಹೇಳುತ್ತಿದ್ದ ಮಾತು ಆ ಮನೆಯೊಳಗೆ ಹೇಳಲಾಗದ ಮಾತು. ದೇವರು ನನ್ನನ್ನು ಕಾಪಾಡಿದ ಅಂದರೆ ಅವರನ್ನು ಕಾಪಾಡಲಿಲ್ಲ ಅಂತಲೂ ಹೇಳಿದ ಹಾಗೆ. ಕ್ಯೂ ನಿಂತವರು ಅವರು, ಪ್ರಸಾದ ತಿಂದವನು ನಾನು. ಬ್ಯಾಂಕಿನವನಿಗೆ ಇದು ಬೇಗ ಗೊತ್ತಾಗಬೇಕಿತ್ತು, ಪುಸ್ತಕದ ಒಂದೇ ಕಡೆ ಬರೆದರೆ ಲೆಕ್ಕ ಕೂಡುವುದಿಲ್ಲ. ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯ ಜಾತ್ರೆಗೆ ನಾವೆಲ್ಲ ಹೋಗಿದ್ದೇವೆ. ಕಾಲು ನೋವಿನವರು ಮೇಣದ ಕಾಲು ಕೊಡುತ್ತಾರೆ, ಮನೆ ಬೇಕಾದವರು ಮೇಣದ ಮನೆ, ಮಗು ಬೇಕಾದವರು ಮೇಣದ ಮಗು. ಗುಣವಾದವರು ಮರುವರ್ಷವೂ ಬರುತ್ತಾರೆ, ಊರಿಗೆಲ್ಲ ಹೇಳುತ್ತಾರೆ. ಆಗದವರು ಸುಮ್ನೆ ಮನೆಯಲ್ಲಿ ಇರುತ್ತಾರೆ. ಅವರ ಲೆಕ್ಕ ಬರೆದವರಿಲ್ಲ.

ಆ ಮನೆಯಲ್ಲಿ ನಾನು ನುಂಗಿಕೊಂಡ ಮಾತಿಗಿಂತ ಕೆಟ್ಟ ಮಾತನ್ನು ಇನ್ನೊಬ್ಬರು ಆಡಿಯೇ ಬಿಟ್ಟರು. ಹಿರಿಯರು, ಸಮಾಧಾನ ಹೇಳಲಿಕ್ಕೇ ಬಂದವರು. "ಅವರವರ ಕರ್ಮ" ಅಂದರು. ವಹಿನಿ ಏನೂ ಹೇಳಲಿಲ್ಲ, ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಈ ಕರ್ಮದ ಉತ್ತರ ಸಣ್ಣದಲ್ಲ ಅಂತ ನನಗೆ ಆಮೇಲೆ ಓದಿದಾಗ ಗೊತ್ತಾಯಿತು. ಬ್ರಹ್ಮಸೂತ್ರದಲ್ಲಿ ಈ ಪ್ರಶ್ನೆ ನೇರವಾಗಿ ಬರುತ್ತದೆ. ಲೋಕದಲ್ಲಿ ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ. ಹಾಗಾದರೆ ದೇವರು ಪಕ್ಷಪಾತಿಯೇ, ಕರುಣೆ ಇಲ್ಲದವನೇ? ಅಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಅನ್ನುತ್ತದೆ ಸೂತ್ರ. ಶಂಕರಾಚಾರ್ಯರು ಇದಕ್ಕೆ ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲದಕ್ಕೂ ಒಂದೇ, ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಬೀಜದ ಗುಣದಿಂದ. ಎಷ್ಟು ಚೆಂದದ ಮಾತು ನೋಡಿ. ಆದರೆ ನಾನು ಮುಂಬಯಿಯವನು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದದ್ದು ನೋಡಿದವನು. ಮಳೆ ಎಲ್ಲರಿಗೂ ಒಂದೇ ಇತ್ತು, ಹೌದು. ಮುಳುಗಿದ್ದು ಮೀಠಿಯ ದಂಡೆಯವರು. ಅದು ಅವರ ಬೀಜದ ಗುಣ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಶಂಕರರನ್ನು ತಪ್ಪು ಅನ್ನುವಷ್ಟು ಓದು ನನ್ನದಲ್ಲ. ನನಗಿರುವುದು ಒಂದೇ ಅಳತೆ. ಈ ಮಾತನ್ನು ಟ್ರೇ ಹಿಡಿದು ನಿಂತ ವಹಿನಿಯ ಮುಖ ನೋಡಿ ಹೇಳಬಹುದೇ? ಅವರಿಲ್ಲದಾಗ ಮಾತ್ರ ಹೇಳಬಹುದಾದ ಮಾತಾದರೆ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಇದೇ ಅಳತೆಯನ್ನು ನಾಸ್ತಿಕರಿಗೂ ಹಿಡಿಯಬೇಕು, ಬಿಡಬಾರದು. ನಮ್ಮ ಗ್ರೂಪಿನಲ್ಲೇ ಒಬ್ಬ ಇದ್ದ, ಹೊರಗೆ ಬಂದು ಮೆಟ್ಟಿಲಿಳಿಯುವಾಗ, "ನೋಡಿದೆಯಾ, ಇಷ್ಟು ವರ್ಷ ಕ್ಯೂ ನಿಂತು ಏನು ಸಿಕ್ಕಿತು" ಅಂದ. ತರ್ಕ ಸರಿ ಇತ್ತು. ಒಂದು ಮಹಡಿ ಹತ್ತಿ ಅದನ್ನು ಒಳಗೆ ಹೇಳು ಅಂದೆ. ಸುಮ್ಮನಾದ.

ಸಂಶಯ ಅನ್ನುವುದು ಹೊರಗಿನಿಂದ ಬಂದದ್ದು, ಇಂಗ್ಲಿಷ್ ಓದಿದವರ ಕಾಯಿಲೆ ಅಂತ ಕೆಲವರಿಗಿದೆ. ಸುಳ್ಳು. ಒಂಬತ್ತನೇ ಶತಮಾನದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ, ಅಮೋಘವರ್ಷ ಗೌರವಿಸುತ್ತಿದ್ದ ಜೈನ ಮುನಿ ಜಿನಸೇನರು ಕೇಳಿದರು: ಲೋಕವನ್ನು ದೇವರು ಮಾಡಿದ ಅನ್ನುತ್ತೀರಿ, ಮಾಡುವ ಮೊದಲು ಅವನು ಎಲ್ಲಿದ್ದ? ಸಾಮಾನು ಎಲ್ಲಿಂದ ತಂದ? ಸಾಮಾನನ್ನೂ ಅವನೇ ಮಾಡಿದ ಅಂದರೆ ಅದನ್ನು ಮಾಡಲಿಕ್ಕೆ ಸಾಮಾನು ಎಲ್ಲಿತ್ತು? ಅವರಿಗೆ ಯಾರೂ ಕಲ್ಲು ಹೊಡೆಯಲಿಲ್ಲ. ರಾಜ ಕೈ ಮುಗಿದ.

ಇನ್ನು ಚಾರ್ವಾಕರು, ದೇವರನ್ನೂ ಪರಲೋಕವನ್ನೂ ಒಪ್ಪದವರು. ಅವರ ಸ್ವಂತ ಗ್ರಂಥಗಳು ಹೆಚ್ಚೇನೂ ಉಳಿದಿಲ್ಲ. ಅವರ ಮಾತು ನಮಗೆ ಸಿಕ್ಕುವುದು ಎದುರಾಳಿಗಳ ಪುಸ್ತಕದಲ್ಲಿ. ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು, ಅದ್ವೈತಿಗಳು, ಎಲ್ಲ ದರ್ಶನಗಳನ್ನೂ ಸಂಗ್ರಹಿಸಿ ಬರೆಯುವಾಗ ಮೊದಲು ಎತ್ತಿಕೊಂಡದ್ದೇ ಚಾರ್ವಾಕರನ್ನು. ಅದರಲ್ಲಿ ಶ್ರಾದ್ಧದ ಬಗ್ಗೆ ಒಂದು ಪ್ರಶ್ನೆ ಇದೆ: ಇಲ್ಲಿ ಇಟ್ಟ ಪಿಂಡದಿಂದ ಸತ್ತವನ ಹೊಟ್ಟೆ ತುಂಬುವುದಾದರೆ, ಪ್ರಯಾಣ ಹೋಗುವವನಿಗೆ ಬುತ್ತಿ ಯಾಕೆ ಕಟ್ಟಬೇಕು? ಮನೆಯಲ್ಲೇ ಬಡಿಸಿದರೆ ಸಾಕಲ್ಲ. ಮುಂಬಯಿಯಲ್ಲಿ ಇದನ್ನು ಓದಿದರೆ ಇನ್ನೂ ನಗು ಬರುತ್ತದೆ. ಬೋರಿವಲಿಯಲ್ಲಿ ಎಲೆ ಹಾಕಿ ಬಡಿಸಿದ್ದು ಫೋರ್ಟಿಗೆ ಮುಟ್ಟುವ ಹಾಗಿದ್ದರೆ ಡಬ್ಬಾವಾಲಾಗಳು ಯಾಕೆ ಬೇಕಿತ್ತು?

ನಾನು ಅಪ್ಪನ ಶ್ರಾದ್ಧ ಮಾಡುತ್ತೇನೆ. ಈ ಶ್ಲೋಕ ಗೊತ್ತಿದ್ದೂ ಮಾಡುತ್ತೇನೆ. ಅಪ್ಪನಿಗೆ ಮುಟ್ಟುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಅವತ್ತು ಅಪ್ಪನಿಗೆ ಇಷ್ಟವಾದ ಪತ್ರೊಡೆ ಆಗುತ್ತದೆ, ನಾವು ಅಣ್ಣತಮ್ಮಂದಿರು ವರ್ಷಕ್ಕೊಮ್ಮೆ ಮುಖ ನೋಡುತ್ತೇವೆ. ಇದು ಮೋಸವೇ? ಸ್ವಲ್ಪ ಮೋಸವೇ ಇರಬೇಕು. ಭಟ್ರಿಗೆ ಗೊತ್ತಿದೆ, ಅವರು ಏನೂ ಕೇಳುವುದಿಲ್ಲ.

ಆಚೆ ಕಡೆಯವರೂ ಕಡಿಮೆ ಇರಲಿಲ್ಲ. ಉದಯನಾಚಾರ್ಯ ಅಂತ ನ್ಯಾಯಶಾಸ್ತ್ರದ ದೊಡ್ಡ ಪಂಡಿತ. ಮಡಕೆ ಇದೆ ಅಂದಮೇಲೆ ಕುಂಬಾರ ಇರಬೇಕು, ಲೋಕ ಇದೆ ಅಂದಮೇಲೆ ಕರ್ತ ಇರಬೇಕು ಅಂತ ಬೌದ್ಧರ ಎದುರು ವಾದ ಹೂಡಿದವನು. ಅವನ ಬಗ್ಗೆ ಒಂದು ಕತೆ ಹೇಳುತ್ತಾರೆ. ಪುರಿಗೆ ಹೋದಾಗ ಜಗನ್ನಾಥನ ಬಾಗಿಲು ಹಾಕಿತ್ತಂತೆ. ಸಿಟ್ಟು ಬಂದು, "ಐಶ್ವರ್ಯದ ಮದದಲ್ಲಿ ನನ್ನನ್ನೇ ಕಡೆಗಣಿಸುತ್ತೀಯಾ? ಬೌದ್ಧರು ಬಂದಾಗ ನೀನು ಇರುವುದು ನನ್ನ ಕೈಯಲ್ಲಿದೆ, ನೆನಪಿಟ್ಟುಕೋ" ಅಂದನಂತೆ. ನಡೆದದ್ದೋ ಕಟ್ಟಿದ್ದೋ, ಕತೆ ಮಾತ್ರ ಸೊಗಸು. ದೇವರನ್ನು ನಂಬಿದವನೇ ಹೀಗೆ ಜಗಳಕ್ಕೆ ನಿಲ್ಲುತ್ತಿದ್ದ.

ಈಗ ಹಾಗಿಲ್ಲ. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ, ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಯ ಮೇಲೆ ವಾಕಿಂಗ್ ಹೋಗುತ್ತಿದ್ದ ಡಾ. ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. ಅವರು ದೇವರಿಲ್ಲ ಅಂತ ಸಾರುತ್ತ ತಿರುಗಿದವರಲ್ಲ. ನಂಬುವುದು ನಿಮ್ಮ ಹಕ್ಕು, ಆದರೆ ನಂಬಿಕೆಯ ಹೆಸರಿನಲ್ಲಿ ಜನರನ್ನು ಸುಲಿಯಬೇಡಿ, ಹಿಂಸೆ ಕೊಡಬೇಡಿ ಅಂದವರು. ಅದಕ್ಕೊಂದು ಕಾನೂನು ಬೇಕು ಅಂತ ವರ್ಷಗಟ್ಟಲೆ ಓಡಾಡಿದರು. ಅವರು ಸತ್ತ ನಾಲ್ಕೇ ದಿನಕ್ಕೆ ಸುಗ್ರೀವಾಜ್ಞೆ ಬಂತು. ಎರಡು ವರ್ಷ ಕಳೆದು, ಅದೇ ಆಗಸ್ಟಿನಲ್ಲಿ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಹೊಡೆದರು. ಇದರ ಬಗ್ಗೆ ಜಾಸ್ತಿ ಹೇಳಿದರೆ ಸಭೆಯ ಹದ ಕೆಡುತ್ತದೆ ಅಂತ ಕಾರ್ಯದರ್ಶಿಗಳು ಮೊದಲೇ ಹೇಳಿದ್ದಾರೆ. ಕೆಡಲಿ, ಏನಾಯಿತು. ಜಗನ್ನಾಥನನ್ನು ಬೈದ ಉದಯನ ಮನೆಗೆ ಹೋಗಿ ಊಟ ಮಾಡಿದ.

"ಹಾಗಾದರೆ ಶನಿಗ್ರಂಥದ ಅರ್ಥ ಯಾಕೆ ಹೇಳುತ್ತೀರಿ?" ಅಂತ ಎರಡನೇ ಸಾಲಿನಿಂದ ಒಬ್ಬರು ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ, ಬರಬೇಕಾದದ್ದೇ. ಅಕ್ಕಾ, ಆ ಕತೆಯಲ್ಲಿ ವಿಕ್ರಮ ರಾಜ ಏನೂ ದೊಡ್ಡ ತಪ್ಪು ಮಾಡದೆ ಏಳೂವರೆ ವರ್ಷ ಕಷ್ಟಪಡುತ್ತಾನೆ. ಕಳ್ಳ ಅನ್ನಿಸಿಕೊಳ್ಳುತ್ತಾನೆ, ಕೈಕಾಲು ಕಳೆದುಕೊಳ್ಳುತ್ತಾನೆ, ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾನೆ. ಶನಿಯ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ ಅಂತ ಕತೆ ಸರಿಯಾಗಿ ಹೇಳುವುದೇ ಇಲ್ಲ. ಆ ಜಾಗ ಬಂದಾಗ ಹೋಟೆಲಿನ ಹುಡುಗರು, ರಾತ್ರಿ ಪಾಳಿ ಮುಗಿಸಿ ಬಂದವರು, ತೂಕಡಿಸುವವರು ಕೂಡ ನೆಟ್ಟಗೆ ಕೂರುತ್ತಾರೆ. ಅದಕ್ಕೆ ಹೇಳುತ್ತೇನೆ. ನನ್ನ ಹೆಂಡತಿಯ ಹರಕೆಯ ಪೂಜೆಯನ್ನೂ ಮಾಡಿಸಿದೆವು. ಅವಳು ಅವತ್ತು ರಾತ್ರಿ ಒಂದೂವರೆಯವರೆಗೆ ಹೇಗೆ ಕೂತಿದ್ದಳು ಅಂತ ನನಗೆ ಗೊತ್ತು. ಅದರ ಎದುರು ನನ್ನ ಸಂಶಯ ಇಟ್ಟು ಜಗಳ ಆಡುವ ಮನಸ್ಸು ನನಗಿಲ್ಲ.

ಆದರೆ ದೇವರು ಕಾಪಾಡಿದ ಅನ್ನುವ ಮಾತನ್ನು ಮಾತ್ರ ಆಮೇಲೆ ಆಡಿಲ್ಲ.

ವಹಿನಿಗೆ ನಿಜ ಹೇಳಲಿಕ್ಕೆ ನನಗೆ ಒಂಬತ್ತು ವರ್ಷ ಬೇಕಾಯಿತು. ಅವರ ಮಗಳ ಮದುವೆಯ ಕಾಗದ ಕೊಡಲು ಅವರೇ ಬಂದಿದ್ದರು. ಹೆಂಡತಿ ಒಳಗೆ ಚಾ ಮಾಡುತ್ತಿದ್ದಳು. ನನಗೆ ತಡೆಯಲಿಕ್ಕಾಗಲಿಲ್ಲ, ಆ ಸಂಜೆ ಕ್ಯಾಶ್ ಟ್ಯಾಲಿ ಆಗದ್ದು, ಐನೂರು ರೂಪಾಯಿ ಕಡಿಮೆ ಬಿದ್ದದ್ದು, ಹುಡುಗಿಗೆ ಗದರಿದ್ದು, ಎಲ್ಲ ಹೇಳಿದೆ. ಅತ್ತಾರು, ಅಥವಾ ಇದೆಲ್ಲ ದೇವರ ಇಚ್ಛೆ ಅಂದಾರು ಅಂತ ಕಾಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕಾಗದದ ಮೇಲಿನ ಗಣಪತಿಯನ್ನು ಬೆರಳಿನಿಂದ ಸವರುತ್ತ ಕೂತರು. ಆಮೇಲೆ ಮರಾಠಿಯಲ್ಲಿ ಕೇಳಿದರು:

"ಭಾವೋಜಿ, ಆ ಐನೂರು ಸಿಕ್ಕಿತಾ?"

ಸಿಕ್ಕಿತು ವಹಿನಿ, ಅಂದೆ. ಮರುದಿನ ನೋಡಿದರೆ ನೂರರ ಒಂದು ಕಟ್ಟಿನಲ್ಲಿ ನೂರೈದು ನೋಟಿತ್ತು.

"ಸದ್ಯ," ಅಂದರು, "ಪಾಪ ಆ ಹುಡುಗಿ ಕೈಯಿಂದ ಹಾಕಬೇಕಾಗಿ ಬರಲಿಲ್ಲವಲ್ಲ."